ಬೀದಿ ಕೊನೆಯ ಚರ್ಚಿಗೆ ಟೆಂಟುಗಳು ಬರುತ್ತವಂತೆ, ಸಹಿ ಹಾಕಬೇಕಾ?

ನಮಸ್ಕಾರ. ಬೆಂಗಳೂರಿಂದ ಅಮೆರಿಕದ ಸಿಯಾಟಲ್ ಹತ್ತಿರದ ರೆಡ್ಮಂಡಿಗೆ ಬಂದು ಮೂರು ತಿಂಗಳಾಯಿತು ಎಂದು ಬರೆದಿದ್ದೀರಿ. ಬೀದಿ ಕೊನೆಯ ಚರ್ಚಿನ ಪಾರ್ಕಿಂಗ್ ಜಾಗಕ್ಕೆ ಮನೆಯಿಲ್ಲದವರ ಟೆಂಟುಗಳು ಬರುತ್ತವಂತೆ. ಪಕ್ಕದ ಮನೆಯವರು ವಿರೋಧದ ಅರ್ಜಿ ಹಿಡಿದುಕೊಂಡು ಬಂದಿದ್ದಾರೆ. ಆರು ವರ್ಷದ ಮಗಳು ಅದೇ ದಾರೀಲಿ ಸ್ಕೂಲ್ ಬಸ್ಸಿಗೆ ಹೋಗುತ್ತಾಳೆ. ಸಹಿ ಹಾಕಬೇಕಾ, ಇಲ್ಲ ಮನೆಯನ್ನೇ ಬದಲಿಸಬೇಕಾ ಅನ್ನುವುದು ನಿಮ್ಮ ಪ್ರಶ್ನೆ, ಅಲ್ವಾ?

ಮನೆ ಬದಲಿಸಬೇಡಿ. ಲೀಸ್ ಮುರಿದರೆ ಸುಮ್ನೆ ದುಡ್ಡು ದಂಡ. ಆ ಟೆಂಟುಗಳು ಕೆಲವು ತಿಂಗಳಾದ ಮೇಲೆ ಹೇಗೂ ಬೇರೆ ಚರ್ಚಿಗೆ ಹೋಗುತ್ತವೆ. ಇನ್ನು ಸಹಿ. ನಾನು ಹಾಕಿದ್ದೆ. ಹದಿಮೂರು ವರ್ಷದ ಹಿಂದೆ, ಬಾಗಿಲಲ್ಲೇ ನಿಂತು, ಅರ್ಜಿ ಪೂರ್ತಿ ಓದದೆ. ನಮ್ಮ ಬೀದಿಗೂ ಆಗ 'ಟೆಂಟ್ ಸಿಟಿ 4' ಎಂಬ, ಚರ್ಚಿನಿಂದ ಚರ್ಚಿಗೆ ಹೋಗುವ ಮನೆಯಿಲ್ಲದವರ ಟೆಂಟು ಶಿಬಿರ ಬರುವುದಿತ್ತು.

ಅದರ ಕಥೆ ಸ್ವಲ್ಪ ಹೇಳುತ್ತೇನೆ. 2004ರಲ್ಲಿ ಇಲ್ಲೇ ಹತ್ತಿರದ ಊರಾದ ಬಾಥೆಲ್‌ನ ಒಂದು ಕ್ಯಾಥೊಲಿಕ್ ಚರ್ಚಿನ ಅಂಗಳದಲ್ಲಿ ಅದು ಶುರುವಾಯಿತು. ಆಗಲೂ ಅಕ್ಕಪಕ್ಕದವರು ಬೇಡವೇ ಬೇಡ ಎಂದು ಎದ್ದು ನಿಂತಿದ್ದರು. ಪಕ್ಕದ ವುಡಿನ್‌ವಿಲ್ ನಗರ, ಈ ಶಿಬಿರಕ್ಕೆ ಜಾಗ ಕೊಡಲು ಹೊರಟ ಒಂದು ಚರ್ಚಿಗೆ ಪರ್ಮಿಟ್ ಕೊಡಲಿಲ್ಲ. ಆ ಜಗಳ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2009ರಲ್ಲಿ ಚರ್ಚೇ ಗೆದ್ದಿತು. ಮರುವರ್ಷ ರಾಜ್ಯ ಕಾನೂನನ್ನೇ ಮಾಡಿತು: ಚರ್ಚು, ದೇವಸ್ಥಾನ, ಮಸೀದಿ ಯಾವುದೇ ಆಗಲಿ, ತನ್ನ ಜಾಗದಲ್ಲಿ ಮನೆಯಿಲ್ಲದವರಿಗೆ ಆಸರೆ ಕೊಡಬಹುದು. ನಗರಸಭೆ ಷರತ್ತು ಹಾಕಬಹುದು, ಸುಮ್ಮನೆ ಓಡಿಸುವಂತಿಲ್ಲ. ಹಾಗಾಗಿ ನಿಮ್ಮ ಪಕ್ಕದ ಮನೆಯವರ ಅರ್ಜಿಯಿಂದ ಶಿಬಿರ ನಿಲ್ಲುವುದು ಕಷ್ಟ.

ಅದಕ್ಕಿಂತ ಕೆಲಸಕ್ಕೆ ಬರುವುದು ಸಭೆ. ಟೆಂಟು ಬರುವ ಮುಂಚೆ ಅಕ್ಕಪಕ್ಕದವರನ್ನು ಕರೆದು ಸಭೆ ಮಾಡುತ್ತಾರೆ. ಎಚ್1ಬಿ ಕೆಲಸದ ವೀಸಾ ಮೇಲೆ ಇದ್ದೇವೆ, ಹೋದರೆ ತೊಂದರೆಯಾ ಎಂದು ಯೋಚಿಸಬೇಡಿ. ಅಲ್ಲಿ ಯಾರೂ ವೀಸಾ ಕೇಳುವುದಿಲ್ಲ.

ನಾನು ಹೋದಾಗ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಶಿಬಿರದ ಕಡೆಯಿಂದ ಮಾತಾಡಿದವರು ಅಲ್ಲೇ ಟೆಂಟಲ್ಲಿರುವ, ಅರವತ್ತರ ಆಸುಪಾಸಿನ ಒಬ್ಬರು. ಮಳೆ ಜಾಕೆಟ್ಟು, ಕೈಯಲ್ಲೊಂದು ಹಳೇ ಫೈಲು. "ರಾತ್ರಿ ನಿಮ್ಮನ್ನು ಕಾಯುವವರು ಯಾರು?" ಎಂದು ಯಾರೋ ಸಿಟ್ಟಲ್ಲೇ ಕೇಳಿದರು. "ನಾವೇ, ಪಾಳಿ ಹಾಕಿಕೊಂಡು. ಪಾಳಿ ತಪ್ಪಿಸಿದವರು ಟೆಂಟು ಖಾಲಿ ಮಾಡಬೇಕು" ಎಂದರು. ಕುಡಿತ, ಡ್ರಗ್ಸ್, ಆಯುಧ ಯಾವುದೂ ಒಳಗಿಲ್ಲ. ಸೇರುವವರ ಐಡಿ ನೋಡಿ, ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಹೆಸರಿದೆಯಾ ಎಂದು ನೋಡುತ್ತಾರೆ. ನನ್ನ ಭಯ ಅರ್ಧ ಇಳಿದದ್ದು ಅಲ್ಲಿ. ನಮ್ಮ ಬಾಡಿಗೆ ಅಪಾರ್ಟ್‌ಮೆಂಟಿನಲ್ಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ!

ಉಳಿದ ಅರ್ಧ ಇಳಿಯಲು ಹೊತ್ತು ಹಿಡಿಯಿತು. ಬೆಂಗಳೂರಲ್ಲಿ ಕಟ್ಟಡದ ಕೆಲಸದವರ ನೀಲಿ ಟಾರ್ಪಾಲಿನ ಶೆಡ್ಡುಗಳ ಪಕ್ಕದಲ್ಲೇ ದಿನಾ ಓಡಾಡಿದವಳು ನಾನು. ಅಲ್ಲಿ ಹೆದರಿಕೆ ಆಗಿರಲಿಲ್ಲ. ಯಾಕೆಂದರೆ ಅವರನ್ನು ನಾನು ನೋಡುತ್ತಲೇ ಇರಲಿಲ್ಲ. ಇಲ್ಲಿ ಕಾಂಪೌಂಡಿಲ್ಲ, ಅಡುಗೆಮನೆ ಕಿಟಕಿಯಿಂದಲೇ ಕಾಣುತ್ತದೆ. ಮರದ ಪ್ಯಾಲೆಟ್ಟುಗಳ ಮೇಲೆ ಟೆಂಟು, ಅದರ ಮೇಲೊಂದು ಟಾರ್ಪಾಲು, ಬಾಗಿಲಿನಂಥ ಜಾಗದಲ್ಲಿ ಮೇಜು, ಬಂದವರ ಹೆಸರು ಬರೆಯುವ ಪುಸ್ತಕ. ಮೂಲೆಯಲ್ಲಿ ಪ್ಲಾಸ್ಟಿಕ್ ಶೌಚಾಲಯಗಳು. ಈ ಕಡೆ ಅದಕ್ಕೆ 'ಹನಿ ಬಕೆಟ್' ಅನ್ನುತ್ತಾರೆ, ಜೇನಿನ ಬಕೆಟ್ಟು! ಕಂಪನಿಯ ಹೆಸರೇ ಅದು. ಆಗ ಊರಿಂದ ಬಂದಿದ್ದ ನಮ್ಮತ್ತೆ ಕಿಟಕಿಯಲ್ಲಿ ನೋಡಿ, "ಜಾತ್ರೆಗೆ ಬಂದೋರು ಹಾಕ್ಕೊಂಡಂಗಿದೆ ಕಣೇ, ತೇರು ಎಲ್ಲಿ?" ಎಂದಿದ್ದರು.

ಒಂದು ಭಾನುವಾರ ನಲವತ್ತು ಜನಕ್ಕಾಗುವಷ್ಟು ಪುಳಿಯೋಗರೆ ಮಾಡಿ ಕೊಟ್ಟೆ. ಮುಕ್ಕಾಲು ಪಾತ್ರೆ ವಾಪಸ್ ಬಂತು. ಕೇಳದೆ ಮಾಡಿದ್ದು ನನ್ನ ತಪ್ಪು. ಏನು ಬೇಕು ಎಂದು ಆಮೇಲೆ ಕೇಳಿದರೆ, ದಪ್ಪ ಸಾಕ್ಸು ಮತ್ತು ಟಾರ್ಚಿನ ಸೆಲ್ಲು ಅಂದರು. ನವೆಂಬರಿನ ಮಳೆ ನೀವಿನ್ನೂ ನೋಡಿಲ್ಲ. ನೋಡಿದ ಮೇಲೆ ಒಣ ಸಾಕ್ಸಿನ ಬೆಲೆ ತಿಳಿಯುತ್ತದೆ.

ಎಲ್ಲ ಚೆನ್ನಾಗಿತ್ತು ಎಂದು ನಿಮ್ಮ ಕಣ್ಣಿಗೆ ಮಣ್ಣೆರಚುವುದಿಲ್ಲ. ಒಂದೆರಡು ರಾತ್ರಿ ಜಗಳದ ಸದ್ದು ಕೇಳಿತು. ನಮ್ಮ ಬಾಗಿಲಲ್ಲಿಟ್ಟ ಒಂದು ಪಾರ್ಸೆಲ್ ಮಾಯವಾಯಿತು, ಆದರೆ ಟೆಂಟು ಹೋದ ಮೇಲೂ ಇನ್ನೊಂದು ಮಾಯವಾಯಿತು. ಸಿಯಾಟಲ್‌ನ ಹೈವೇ ಸೇತುವೆ ಕೆಳಗೆ ಯಾರ ಹಿಡಿತವೂ ಇಲ್ಲದ ಟೆಂಟುಗಳಿವೆ, ಅಲ್ಲಿ ಫೆಂಟನಿಲ್ ಎಂಬ ಡ್ರಗ್ಸಿನ ಕಾಟ ನಿಜ. ಅಲ್ಲಿಗೆ ಮಗಳನ್ನು ಕರೆದುಕೊಂಡು ಹೋಗಿ ಎಂದು ನಾನೂ ಹೇಳಲಾರೆ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ, ಅಷ್ಟೇ.

ಇನ್ನೊಂದು, ಸ್ವಲ್ಪ ಕಹಿ ಮಾತು. ಈ ಕಡೆ ಬಾಡಿಗೆ ಈ ಮಟ್ಟಕ್ಕೆ ಏರಿದ್ದರಲ್ಲಿ ಮೈಕ್ರೋಸಾಫ್ಟ್, ಅಮೆಜಾನ್ ಸಂಬಳ ಹಿಡಿದು ಬಂದ ನಮ್ಮಂಥವರ ಪಾಲೂ ಇದೆ. ನಮ್ಮ ಕನ್ನಡದ ಗೆಳೆಯರ ಊಟದ ಪಂಕ್ತಿಯಲ್ಲಿ ಇದನ್ನು ಹೇಳಿದರೆ ಮಾತು ತಕ್ಷಣ ಮಕ್ಕಳ ಈಜು ಕ್ಲಾಸಿಗೆ ತಿರುಗುತ್ತದೆ.

ಸಭೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ. ಬಸ್ಸಿನ ಹೊತ್ತಿಗೆ ಶಿಬಿರದ ಬಾಗಿಲ ಮೇಜಿನ ಹತ್ತಿರ ಯಾರಿರುತ್ತಾರೆ, ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಈ ಎರಡನ್ನು ಕೇಳಿ ಬರೆದುಕೊಳ್ಳಿ. ಅಲ್ಲಿಯವರೆಗೆ ಅರ್ಜಿ ಸಹಿಯಿಲ್ಲದೆ ನಿಮ್ಮ ಮನೆಯ ಮೇಜಿನ ಮೇಲೇ ಇರಲಿ. ಮಗಳನ್ನು ಆ ಸಂಜೆ ನಮ್ಮನೆಯಲ್ಲಿ ಬಿಡಿ, ಚಪಾತಿ ಪಲ್ಯ ತಿನ್ನುತ್ತಾಳೆ ತಾನೇ?