ಮಗು ಬೆಳೆಯಿತು, ಕೊಳವೆ ಬೆಳೆಯಲಿಲ್ಲ

(ನನ್ನ ಬಳಿ ಸಲಹೆಗೆ ಬಂದ ಡಾಕ್ಟರೊಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಮೊದಲು ಎಂಜಿನಿಯರಿಂಗ್, ಆಮೇಲೆ ವೈದ್ಯಕೀಯ ಓದಿದವರು. ಈಗ ಮಕ್ಕಳ ಹೃದ್ರೋಗ ವಿಭಾಗದಲ್ಲಿ ಡಾಕ್ಟರು. ಡ್ಯೂಟಿ ಮುಗಿಸಿ ರಾತ್ರಿ ಲ್ಯಾಬಿನಲ್ಲಿ ಕೂತು ಮಕ್ಕಳಿಗೆ ಹೊಂದುವ ಸಾಧನಗಳ ವಿನ್ಯಾಸ ಮಾಡುತ್ತಾರೆ. ಬಂದವರೇ ಕೇಳಿದರು: "ಮೇಡಂ, ಆಸ್ಪತ್ರೆ ಬಿಟ್ಟು ಪೂರ್ತಿ ವಿನ್ಯಾಸಕ್ಕೇ ಕೂತ್ಕೊಳ್ಳಲಾ?"

ಇದು ವೃತ್ತಿಯ ಪ್ರಶ್ನೆ ಎಂದುಕೊಂಡು ಅರ್ಧ ಗಂಟೆ ಅದನ್ನೇ ಮಾತಾಡಿದೆವು. ಆಮೇಲೆ ಚೀಲದಿಂದ ನೋಟ್‌ಬುಕ್ ತೆಗೆದರು. ಪುಟ ತಿರುಗಿಸಿದಷ್ಟೂ ಒಂದೇ ಚಿತ್ರ, ಕವಾಟವಿರುವ ಒಂದು ಕೊಳವೆ. ಪೆನ್ಸಿಲ್ ಒತ್ತಿ ಒತ್ತಿ ಕೆಲವು ಕಡೆ ಹಾಳೆಯೇ ಹರಿದಿತ್ತು. ಎಲ್ಲ ಪುಟಗಳ ಮೂಲೆಯಲ್ಲೂ ಒಂದೇ ತಾರೀಖು.

"ಇದು ಯಾವ ದಿನ?" ಎಂದೆ.

ತುಂಬ ಹೊತ್ತು ಸುಮ್ಮನಿದ್ದರು. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಸರಿಯಿಲ್ಲದೆ ಹುಟ್ಟಿದ ಹುಡುಗ. ಹಸುಗೂಸಾಗಿದ್ದಾಗಲೇ ಕೊಳವೆ ಕೂರಿಸಿದ್ದರು. ನಾಲ್ಕು ವರ್ಷಕ್ಕೆ ಅದು ಸಾಲದಾಯಿತು, ಮತ್ತೆ ಎದೆ ತೆರೆಯಬೇಕಾಯಿತು. ಹುಡುಗ ಉಳಿಯಲಿಲ್ಲ. "ಮಗು ಬೆಳೀತು ಮೇಡಂ, ಕೊಳವೆ ಬೆಳೀಲಿಲ್ಲ. ಎರಡೂ ಓದಿದವಳು ನಾನು. ನಾನೇ ಮಾಡಬೇಕಿತ್ತು."

ಅವರ ಸಂಕಟಕ್ಕೆ ಆಧಾರವಿಲ್ಲದಿಲ್ಲ. ಹುಟ್ಟುವ 1000 ಶಿಶುಗಳಲ್ಲಿ ಸುಮಾರು 8ರಿಂದ 10ಕ್ಕೆ ಹೃದಯದ ದೋಷವಿರುತ್ತದೆ. ಆದರೆ ದೋಷಗಳು ಹಲವು ಬಗೆ, ಅಳತೆಗಳೂ ಹಲವು. ಒಂದೊಂದು ಸಾಧನಕ್ಕೆ ಸಿಗುವ ಮಕ್ಕಳು ಕಡಿಮೆಯಾದ್ದರಿಂದ ಕಂಪನಿಗಳು ಹಿಂಜರಿಯುತ್ತವೆ. ದೊಡ್ಡವರಿಗೆಂದು ಮಾಡಿದ್ದನ್ನೇ ಡಾಕ್ಟರುಗಳು ಎಷ್ಟೋ ಸಲ ಮಕ್ಕಳಿಗೆ ಹೊಂದಿಸಿಕೊಳ್ಳುತ್ತಾರೆ. ಆದರೂ ಒಂದು ಸಾವಿನ ಇಡೀ ಭಾರವನ್ನು ಒಬ್ಬರೇ ಹೊತ್ತುಕೊಂಡಿದ್ದರು. ರಾಜೀನಾಮೆಯ ಯೋಚನೆ ಹುಟ್ಟಿದ್ದು ಅಲ್ಲಿಂದ.

ಹಾಗಾಗಿ ಮೂರು ತಿಂಗಳು ರಾಜೀನಾಮೆಯ ಮಾತು ಬೇಡ ಎಂದೆ. ಅದಕ್ಕೂ ಮುಂಚೆ, ಶಸ್ತ್ರಚಿಕಿತ್ಸೆ ಮಾಡಿದ ಹಿರಿಯ ಸರ್ಜನ್ ಜೊತೆ ಕೂತು ಆ ಮಗುವಿನ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಲು ಹೇಳಿದೆ. ವಿಭಾಗದ ಸಭೆಯಲ್ಲಿ ಆ ಪ್ರಕರಣದ ಚರ್ಚೆ ನಡೆದಾಗ ಇವರು ಬಾಯಿ ಬಿಟ್ಟಿರಲಿಲ್ಲ.

ಎರಡನೇ ಭೇಟಿಯಲ್ಲಿ ಅವರೇ ಒಂದು ಕಥೆ ಹೇಳಿದರು. 1957ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕರೆಂಟು ಹೋಯಿತು. ಹೃದಯದ ಬಡಿತ ಕಾಪಾಡುವ ಆಗಿನ ಪೇಸ್‌ಮೇಕರ್‌ಗಳು ಗೋಡೆಯ ಪ್ಲಗ್ಗನ್ನೇ ನಂಬಿದ್ದವು. ಮಕ್ಕಳ ಹೃದಯದ ಸರ್ಜನ್ ಲಿಲ್ಲೆಹೈ ಎಂಜಿನಿಯರ್ ಅರ್ಲ್ ಬ್ಯಾಕೆನ್‌ಗೆ ಪರಿಹಾರ ಕೇಳಿದರು. ನಾಲ್ಕೇ ವಾರದಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಪೇಸ್‌ಮೇಕರ್ ಸಿದ್ಧ. ಹೇಳುವಾಗ ಅವರ ಕಣ್ಣಲ್ಲಿ ಬೆಳಕಿತ್ತು.

"ಅಲ್ಲಿ ಇಬ್ಬರಿದ್ದರಲ್ಲ?" ಎಂದೆ. "ನೀವು ಆ ಇಬ್ಬರ ಕೆಲಸವನ್ನೂ ರಾತ್ರಿ ಹನ್ನೊಂದರ ಮೇಲೆ ಒಬ್ಬರೇ ಮಾಡ್ತಿದೀರಿ."

ವಾರದಲ್ಲಿ ಒಂದು ದಿನ ಲ್ಯಾಬಿಗೆ ಮೀಸಲು, ಅವತ್ತು ತುರ್ತು ಕರೆ ಇಲ್ಲ ಎಂಬುದನ್ನು ಮುಖ್ಯಸ್ಥರಿಂದ ಬರವಣಿಗೆಯಲ್ಲೇ ಪಡೆಯಿರಿ ಎಂದೆ. ಬಾಯಿಮಾತಿನ ಒಪ್ಪಂದ ಮೊದಲ ತುರ್ತು ಪ್ರಕರಣಕ್ಕೇ ಕರಗಿಹೋಗುತ್ತದೆ. ಲ್ಯಾಬಿನ ಪರೀಕ್ಷೆ, ಪ್ರಾಣಿಗಳ ಮೇಲಿನ ಪ್ರಯೋಗ, ಆಮೇಲೆ ಮಕ್ಕಳಲ್ಲಿ ಪರೀಕ್ಷೆ, ಎಲ್ಲಕ್ಕೂ ವರ್ಷಗಟ್ಟಲೆ ಬೇಕು. ಅದಕ್ಕೆ ಪೂರ್ಣಾವಧಿಯ ಎಂಜಿನಿಯರ್ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಲು ಸೂಚಿಸಿದೆ. ವಾರ್ಡ್ ಮಾತ್ರ ಬಿಡಬೇಡಿ ಎಂದು ಒತ್ತಿ ಹೇಳಿದೆ. ಯಾವ ಸಾಧನ ಎಲ್ಲಿ ಸಾಲದು ಎಂದು ಕಾಣುವುದು ಮಗುವಿನ ಮಂಚದ ಪಕ್ಕದಲ್ಲೇ.

ನಾಲ್ಕನೇ ಭೇಟಿಗೆ ಬಂದಾಗ ಫೈಲ್ ಓದಿಯಾಗಿತ್ತು. ಇಬ್ಬರೂ ಅತ್ತರಂತೆ. ಬುಧವಾರ ಲ್ಯಾಬಿಗೆ ಸಿಕ್ಕಿತ್ತು. ನೋಟ್‌ಬುಕ್ಕಿನಲ್ಲಿ ಹೊಸ ತಾರೀಖು, ಹೊಸ ಚಿತ್ರ: ನವಜಾತ ಶಿಶುವಿನ ಪಾದಕ್ಕೆ ಸುತ್ತಿ ರಕ್ತದ ಆಮ್ಲಜನಕ ಅಳೆಯುವ ಸೆನ್ಸರ್, ಬಿಚ್ಚುವಾಗ ಎಳೆಯ ಚರ್ಮ ಕೀಳದ ಅಂಟಿನೊಂದಿಗೆ.

"ಕೊಳವೆ ಬಿಟ್ಟುಬಿಟ್ರಾ?"

"ಇಲ್ಲ ಮೇಡಂ. ಅದೀಗ ನಮ್ಮ ಎಂಜಿನಿಯರ್ ಮೇಜಿನ ಮೇಲಿದೆ."