ಯಕ್ಷಗಾನ, ರಾಗ, ಕ್ವಾಯರ್, ಪಿಲಿವೇಷ: ಎಲ್ಲವನ್ನೂ ಒಂದೇ ರೀತಿ ವಿಶ್ಲೇಷಿಸಬಹುದಾ?

ನೀವು ಬರೆದದ್ದು ಹೀಗೆ: ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ, ಗಿಟಾರ್ ನುಡಿಸುತ್ತೀರಿ, ಕಾರ್ಡ್ ಮತ್ತು ಸ್ಕೇಲ್ ತಕ್ಕಮಟ್ಟಿಗೆ ಗೊತ್ತಿದೆ. ಊರಲ್ಲಿ ಕಿವಿಗೆ ಬೀಳುವ ಯಕ್ಷಗಾನದ ಪದ್ಯ, ಕರ್ನಾಟಕ ಸಂಗೀತ, ಚರ್ಚಿನ ಕ್ವಾಯರ್, ಪಿಲಿವೇಷದ (ಹುಲಿವೇಷದ) ತಾಸೆ ವಾದ್ಯ, ಎಲ್ಲವನ್ನೂ ಬಿಡಿಸಿ ನೋಡುವ ಆಸೆ ಇದೆ. ಎಲ್ಲಕ್ಕೂ ಆಗುವ ಒಂದು ವಿಧಾನ ಇದೆಯಾ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ.

ನಾನು ಉಡುಪಿಯವಳು. ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಆಟ (ರಂಗದ ಮೇಲಿನ ಯಕ್ಷಗಾನ), ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವುದು) ಅಂದರೆ ನನಗೆ ಪ್ರಾಣ. ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎಲ್ಲಕ್ಕೂ ಆಗುವ ವಿಧಾನ ಇಲ್ಲ. ಎಲ್ಲ ಕಡೆಯೂ ಕೇಳಬಹುದಾದ ಒಂದು ಪ್ರಶ್ನೆ ಇದೆ: ಈ ಸಂಗೀತವನ್ನು ಚೆನ್ನಾಗಿ ಬಲ್ಲವರು ಯಾವುದನ್ನು ತಪ್ಪು ಅನ್ನುತ್ತಾರೆ? ಕೇಳುತ್ತಾ ಕೂತ ಹಿರಿಯರು ಎಲ್ಲಿ ಮುಖ ಕಿವುಚುತ್ತಾರೆ ಅಂತ ನೋಡಿ. ಅವರ ಕಿವಿ ಯಾವುದಕ್ಕೆ ಕಾಯುತ್ತಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ನೀವು ಮೊದಲು ಬಿಡಿಸಬೇಕಾದ್ದು ಅದನ್ನೇ. ಕಾರ್ಡ್ ಹುಡುಕಬೇಕಾ, ಗ್ರಾಫ್ ತೆಗೆಯಬೇಕಾ, ತಾಳ ಎಣಿಸಬೇಕಾ ಅನ್ನುವುದೆಲ್ಲ ಆಮೇಲಿನ ಮಾತು.

ನಿಮಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡೋಣ. ನಾಲ್ಕು ದನಿಯ ಕ್ವಾಯರ್‌ಗೆ ಬರೆಯುವುದನ್ನು ಕಲಿಸುವಾಗ ಒಂದು ನಿಯಮ ಹೇಳುತ್ತಾರೆ. ಎರಡು ದನಿಗಳು ಪಂಚಮದ ಅಂತರ (ಸ ಇಂದ ಪ ವರೆಗಿನಷ್ಟು) ಇಟ್ಟುಕೊಂಡು ಜೊತೆಜೊತೆಯಾಗಿ ಏರಬಾರದು, ಇಳಿಯಬಾರದು. ಹಾಗೆ ಹೋದರೆ ಎರಡೂ ಒಂದೇ ದನಿಯ ಹಾಗೆ ಅಂಟಿಕೊಳ್ಳುತ್ತವೆ. ಸೊಪ್ರಾನೋ, ಆಲ್ಟೋ, ಟೆನರ್, ಬಾಸ್, ನಾಲ್ಕಕ್ಕೂ ಸ್ವಂತ ನಡಿಗೆ ಇರಬೇಕು ಅನ್ನುವುದು ಆ ಸಂಗೀತದ ಆಸೆ. ನಿಮ್ಮ ಗಿಟಾರಿನ ಪವರ್ ಕಾರ್ಡ್ ತೆಗೆದುಕೊಳ್ಳಿ. ಅದು ಪೂರ್ತಿ ಜೊತೆಯಲ್ಲಿ ಓಡುವ ಪಂಚಮವೇ. ಡಿಸ್ಟಾರ್ಷನ್ ಹಾಕಿದಾಗ ಎರಡು ಸ್ವರ ಅಂಟಿಕೊಂಡು ಒಂದೇ ದಪ್ಪ ದನಿ ಆಗಬೇಕು, ಅದೇ ಬೇಕಾದದ್ದು. ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ಜೀವಾಳ. ಡಿಸೆಂಬರಿನಲ್ಲಿ ಮಂಗಳೂರಿನ ಯಾವುದಾದರೂ ಚರ್ಚಿನಲ್ಲಿ ಕ್ಯಾರಲ್ ಕೇಳುವಾಗ ಮೇಲಿನ ದನಿ ಬಿಟ್ಟು ಬರೀ ಆಲ್ಟೋ ಒಂದನ್ನೇ ಹಿಂಬಾಲಿಸಿ ನೋಡಿ. ಕಾರ್ಡ್ ಹೆಸರು ಬರೆದಿಡುವುದಕ್ಕಿಂತ ಜಾಸ್ತಿ ವಿಷಯ ಸಿಗುತ್ತದೆ.

ಈಗ ರಾಗ. ಸಿ, ಡಿ, ಇ, ಜಿ, ಎ ನುಡಿಸಿ. ನೀವು ಇದಕ್ಕೆ ಮೇಜರ್ ಪೆಂಟಾಟೋನಿಕ್ ಅನ್ನುತ್ತೀರಿ. ನಮ್ಮಲ್ಲಿ ಇದೇ ಸ ರಿ ಗ ಪ ದ ಮೋಹನ ಆಗುತ್ತದೆ. ಹಿಂದುಸ್ತಾನಿಯಲ್ಲಿ ಭೂಪಾಲಿ ಆಗುತ್ತದೆ, ದೇಶಕಾರವೂ ಆಗುತ್ತದೆ. ಭೂಪಾಲಿ ಸಂಜೆ ಕಳೆದ ಮೇಲಿನ ರಾಗ. ಗಾಂಧಾರದ ಮೇಲೆ ಭಾರ, ಓಡಾಟ ಹೆಚ್ಚು ಕೆಳಗಿನ ಅರ್ಧದಲ್ಲಿ. ದೇಶಕಾರ ಬೆಳಗಿನದ್ದು, ಧೈವತದ ಮೇಲೆ ನಿಲ್ಲುತ್ತದೆ, ಮೇಲಿನ ಅರ್ಧದಲ್ಲೇ ಜಾಸ್ತಿ ತಿರುಗುತ್ತದೆ. ಐದೂ ಸ್ವರ ಅವೇ ಆದರೂ, ಹಿಂದುಸ್ತಾನಿ ರಾಗಗಳನ್ನು ಥಾಟ್ ಎಂಬ ಗುಂಪುಗಳಾಗಿ ವಿಂಗಡಿಸಿದ ಭಾತಖಂಡೆಯವರು ಭೂಪಾಲಿಯನ್ನು ಕಲ್ಯಾಣ ಥಾಟಿಗೆ, ದೇಶಕಾರವನ್ನು ಬಿಲಾವಲ್ ಥಾಟಿಗೆ ಸೇರಿಸಿದರು. ದೇಶಕಾರ ಹಾಡುವವರು ಗಾಂಧಾರದ ಮೇಲೆ ತುಂಬಾ ಹೊತ್ತು ನಿಂತುಬಿಟ್ಟರೆ ಬಲ್ಲವರು ತಲೆ ಅಲ್ಲಾಡಿಸುತ್ತಾರೆ, ಭೂಪಾಲಿ ಒಳಗೆ ಬಂದುಬಿಟ್ಟಿತು ಅಂತ. ಸ್ಕೇಲ್ ಬರೆದು ನಿಲ್ಲಿಸಿದರೆ ಈ ಮೂರು ರಾಗಗಳೂ ನಿಮಗೆ ಒಂದೇ. ಅದಕ್ಕೇ ರಾಗವನ್ನು ಬಿಡಿಸುವಾಗ ಯಾವ ಸ್ವರ ಇದೆ ಅನ್ನುವುದರ ಜೊತೆಗೆ ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಯಾವುದನ್ನು ಮುಟ್ಟಿ ಬಿಡುತ್ತದೆ ಅಂತ ಬರೆಯಬೇಕು.

ಕರ್ನಾಟಕದ ತೋಡಿ ಇನ್ನೂ ಕಠಿಣ. ಅದರ ಸ್ವರಗಳು ನಿಮ್ಮ ಫ್ರಿಜಿಯನ್ ಮೋಡ್‌ಗೆ ಸರಿಯಾಗಿ ಹೊಂದುತ್ತವೆ. ಫ್ರೆಟ್ ಒತ್ತಿ ಆ ಗಾಂಧಾರ ನುಡಿಸಿದರೆ ತೋಡಿ ಬರುತ್ತದಾ? ಬರುವುದೇ ಇಲ್ಲ. ಅಲ್ಲಿ ಗಾಂಧಾರ ರಿಷಭ, ಮಧ್ಯಮಗಳ ನಡುವೆ ತೂಗುತ್ತದೆ. ಆ ತೂಗಾಟವೇ ಗಾಂಧಾರ. ಸೋನಿಕ್ ವಿಶುವಲೈಸರ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ್ದು. ಒಂಟಿ ದನಿಯ ರೆಕಾರ್ಡಿಂಗ್ ಹಾಕಿ ಪಿಚ್ ಗ್ರಾಫ್ ತೆಗೆದರೆ ಗಾಂಧಾರದ ಜಾಗದಲ್ಲಿ ಗೆರೆ ನಿಲ್ಲದೆ ಅಲೆಯಾಡುವುದು ಕಣ್ಣಿಗೇ ಕಾಣುತ್ತದೆ. ಪಿಟೀಲು, ತಂಬೂರಿ ಸೇರಿದ್ದರೆ ಗ್ರಾಫ್ ಗೊಂದಲ ಆಗುತ್ತದೆ, ಒಂಟಿ ದನಿಯನ್ನೇ ಆರಿಸಿ.

ಗ್ರಾಫ್ ಬೇಡ ಅನ್ನುವವಳಲ್ಲ ನಾನು. ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಒಂದು ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸುವ ಅಳತೆ ಇಟ್ಟುಕೊಂಡು ಬೇರೆ ಬೇರೆ ದೇಶಗಳ ಸ್ವರಗಳನ್ನು ಹೋಲಿಸಿದರು. ಗಿಟಾರಿನ ಒಂದು ಫ್ರೆಟ್ ಅಂದರೆ 100 ಸೆಂಟ್. ಲೋಕಕ್ಕೆಲ್ಲ ಒಂದೇ ಸಹಜ ಸ್ಕೇಲ್ ಅಂತ ಇಲ್ಲ, ಬಹಳ ಬಗೆ ಇವೆ ಅನ್ನುವುದು ಅವರಿಗೆ ಅಳತೆಯಿಂದಲೇ ಗೊತ್ತಾಯಿತು. ಅಳತೆಗೆ ಆ ಬೆಲೆ ಇದೆ. ಆದರೆ ಗ್ರಾಫ್ ಹೇಳುವುದು ಏನು ಹಾಡಿದರು ಅನ್ನುವುದನ್ನು. ನಮ್ಮ ಸ್ವರಲಿಪಿ ಹೇಳುವುದು ಏನು ಹಾಡಬೇಕು ಅನ್ನುವುದನ್ನು. ಅಮೆರಿಕದ ಚಾರ್ಲ್ಸ್ ಸೀಗರ್ 1958ರಲ್ಲಿ ಈ ಎರಡು ಬಗೆಯ ಬರಹಗಳನ್ನು ಬೇರ್ಪಡಿಸಿ ತೋರಿಸಿದರು. ಸ್ವರಲಿಪಿಯಲ್ಲಿ ಬರೀ 'ಗ' ಅಂತ ಇರುತ್ತದೆ. ತೂಗಾಟ ಗುರುಗಳ ಬಾಯಿಂದ ಬರಬೇಕು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ತಮ್ಮ ದೊಡ್ಡ ಗ್ರಂಥದಲ್ಲಿ ಗಮಕಗಳಿಗೆ, ಅಂದರೆ ಸ್ವರದ ಇಂಥ ತೂಗಾಟ ಬಳುಕುಗಳಿಗೆ, ಬೇರೆ ಬೇರೆ ಗುರುತು ಹಾಕಿದ್ದು ಈ ಕೊರತೆ ತುಂಬುವುದಕ್ಕೇ. ಎರಡೂ ಬರಹವನ್ನು ಪಕ್ಕಪಕ್ಕ ಇಟ್ಟು ಓದಿ.

ಯಕ್ಷಗಾನಕ್ಕೆ ಬರೋಣ. ಇಲ್ಲಿ ನನಗೆ ಹೇಳುವುದು ಜಾಸ್ತಿ ಇದೆ.

ಪ್ರಸಂಗ (ಆಟದ ಕತೆ) ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಭೈರವಿ, ಝಂಪೆ ಅಂತ ಇದ್ದದ್ದು ನೋಡಿ ಕರ್ನಾಟಕ ಸಂಗೀತ ಕಲಿತವರು ಕಿವಿ ನಿಮಿರಿಸುತ್ತಾರೆ. ಭಾಗವತರ (ಆಟದ ಹಾಡುಗಾರರ) ಭೈರವಿ ಕಛೇರಿಯ ಭೈರವಿಯ ಹಾಗೆ ಇಲ್ಲದಿದ್ದರೆ ಶುದ್ಧ ಇಲ್ಲ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಯಕ್ಷಗಾನದ ಹಾಡಿಗೆ ತನ್ನದೇ ಮಟ್ಟುಗಳಿವೆ. ಪದ್ಯದ ಛಂದಸ್ಸು, ತಾಳ, ರಾಗದ ಒಂದು ನಿರ್ದಿಷ್ಟ ಎಳೆ ಸೇರಿ ಆದ ಅಚ್ಚು ಅದು. ಇಲ್ಲಿ ತಪ್ಪು ಯಾವುದು ಗೊತ್ತಾ? ವೇಷಧಾರಿ ರೋಷದಲ್ಲಿ ಬಿಲ್ಲೆತ್ತಿ ನಿಂತಿರುವಾಗ ಭಾಗವತರು ಆಲಾಪನೆ ಎಳೆಯುತ್ತಾ ಕೂತರೆ ಅದು ತಪ್ಪು, ರಾಗ ಎಷ್ಟೇ ಚೊಕ್ಕವಾಗಿರಲಿ. ಪದ್ಯದ ಮಾತು ಕೇಳಿಸದಿದ್ದರೆ ತಪ್ಪು. ಕುಣಿತ ಮುಗಿಯುವ ಮೊದಲೇ ಮುಂದಿನ ಸಾಲಿಗೆ ಹೋದರೂ ತಪ್ಪು. ಒಂದೇ ಸಾಲನ್ನು ಭಾಗವತರು ಮತ್ತೆ ಮತ್ತೆ ಹಾಡುವುದನ್ನು ನೀವು ಗಮನಿಸಿರಬಹುದು. ಅದರ ಲೆಕ್ಕ ಕಾಗದದಲ್ಲಿ ಸಿಗುವುದಿಲ್ಲ, ವೇಷದ ಕಾಲಿನಲ್ಲಿ ಸಿಗುತ್ತದೆ. ಹಾಗಾಗಿ ಬರೀ ಆಡಿಯೋ ಇಟ್ಟುಕೊಂಡು ಯಕ್ಷಗಾನ ವಿಶ್ಲೇಷಣೆ ಮಾಡಬೇಡಿ. ರಂಗಸ್ಥಳ ಕಾಣಬೇಕು.

ಬಲಿಪ ನಾರಾಯಣ ಭಾಗವತರನ್ನೂ ಕಾಳಿಂಗ ನಾವಡರನ್ನೂ ಒಂದರ ಹಿಂದೆ ಒಂದು ಕೇಳಿ. ತೆಂಕು, ಬಡಗು ಯಕ್ಷಗಾನದ ಶೈಲಿಗಳು. ಬಲಿಪರದ್ದು ತೆಂಕು, ಏರು ಶ್ರುತಿ, ಹಳೆಯ ಮಟ್ಟುಗಳ ಮೇಲೆ ಗಟ್ಟಿ ಹಿಡಿತ. ಮೈಕ್ ಇಲ್ಲದ ಕಾಲದಲ್ಲಿ ಗದ್ದೆಯ ಆಚೆ ತುದಿಗೂ ಮುಟ್ಟಬೇಕಿದ್ದ ದನಿಯ ನೆನಪು ಆ ಹಾಡಿಕೆಯಲ್ಲಿದೆ. 1990ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ನಾವಡರು ಬಡಗಿಗೆ ಹೊಸ ರಾಗಗಳನ್ನು ತಂದರು, ದನಿಯ ಬಳುಕು ತಂದರು. ಜನ ಬರೀ ಹಾಡು ಕೇಳಲಿಕ್ಕೆಂದೇ ಆಟಕ್ಕೆ ಬಂದರು. ಇದು ಸರಿಯಾ ಅನ್ನುವ ಜಗಳ ಆಗಲೂ ಇತ್ತು, ಈಗಲೂ ಇದೆ. ಆ ಜಗಳವನ್ನು ಕಿವಿಗೊಟ್ಟು ಕೇಳಿ. ಯಾವುದು ತಪ್ಪು ಅನ್ನುವುದರ ಬಗ್ಗೆ ಒಳಗಿನವರೇ ಒಪ್ಪದ ಜಾಗದಲ್ಲಿ ಒಂದು ಕಲೆ ಬದಲಾಗುತ್ತಿರುತ್ತದೆ. ವಿಶ್ಲೇಷಣೆಗೆ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ನೀವು ಇಂಜಿನಿಯರಿಂಗ್ ವಿದ್ಯಾರ್ಥಿ ಅಂದಿದ್ದಕ್ಕೆ ಇನ್ನೊಂದು ಮಾತು. ಮೃದಂಗ, ತಬಲಾದ ಚರ್ಮದ ಮೇಲೆ ಮೆತ್ತುವ ಕಪ್ಪು ಕರಣೆಯಿಂದಾಗಿ ಅವುಗಳ ಉಪಸ್ವರಗಳು ತಂತಿಯ ಉಪಸ್ವರಗಳ ಹಾಗೆ ಪೂರ್ಣಾಂಕದ ಲೆಕ್ಕಕ್ಕೆ ಬರುತ್ತವೆ ಅಂತ ಸಿ. ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಯಕ್ಷಗಾನದ ಮದ್ದಳೆಗೂ ಕರಣೆ ಇದೆ. ಅದಕ್ಕೇ ಅದನ್ನು ಭಾಗವತರ ಶ್ರುತಿಗೆ ಕೂರಿಸಬಹುದು. ಮದ್ದಳೆಗಾರ ಹಿರಿಯಡ್ಕ ಗೋಪಾಲ ರಾಯರ ಏರುಮದ್ದಳೆ ಹೆಸರಾದದ್ದು ಆ ಏರುದನಿಯಿಂದ. ಚೆಂಡೆಯ ನಾದವೇ ಬೇರೆ. ಅದು ವೀರ, ರೌದ್ರ, ಯುದ್ಧಕ್ಕೆ ಎದ್ದು ಬರುತ್ತದೆ. ಶೃಂಗಾರ, ಕರುಣೆಯಲ್ಲಿ ಮದ್ದಳೆ ಮಾತ್ರ ಉಳಿಯುತ್ತದೆ. ಒಂದು ರಾತ್ರಿಯ ಆಟದಲ್ಲಿ ಚೆಂಡೆ ಯಾವಾಗ ಬಂತು, ಯಾವಾಗ ಹಿಂದೆ ಸರಿಯಿತು ಅಂತ ಗುರುತು ಹಾಕುತ್ತಾ ಹೋದರೆ ಸಾಕು, ಪ್ರಸಂಗದ ಏರಿಳಿತ ಕಣ್ಣೆದುರು ಬರುತ್ತದೆ. ಸ್ಪೆಕ್ಟ್ರೋಗ್ರಾಮ್ (ಸದ್ದಿನ ಚಿತ್ರ) ಚೆನ್ನಾಗಿ ಉಪಯೋಗಕ್ಕೆ ಬರುವ ಕೆಲಸ ಇದು.

ತುಳುವಿನ ಕಥನಗೀತೆ ಪಾಡ್ದನ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ, ನಾನು ಸೇರಿಸುತ್ತೇನೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ, 1990ರಲ್ಲಿ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಎಂಬ ಹೆಣ್ಣಿನ ಕತೆಯನ್ನು ಪೂರ್ತಿ ದಾಖಲಿಸಿದರು. 15,683 ಸಾಲು. ಅದರ ರಾಗದ ಗ್ರಾಫ್ ಮಾತ್ರ ನೋಡಿದರೆ ಕೆಲವೇ ಸ್ವರಗಳ ತಿರುಗುಮುರುಗು ಅಂತ ಬರೆದು ಮುಗಿಸುತ್ತೀರಿ. ಹಾಗೆ ಮಾಡಿದರೆ ಆ ಹಾಡಿಗೆ ಅನ್ಯಾಯ. ಅಲ್ಲಿ ಜನ ಕಾಯುವುದು ಕತೆಗೆ, ಊರಿನ ಹೆಸರಿಗೆ, ಹುಟ್ಟಿದ ಮನೆ ಸೇರಿದ ಮನೆಗಳ ವಿವರಕ್ಕೆ. ಅದು ಬಿಟ್ಟುಹೋದರೆ ತಪ್ಪು. ಒಂದೇ ಎಳೆಯ ರಾಗ ಇರುವುದರಿಂದಲೇ ಅಷ್ಟು ದೊಡ್ಡ ಕತೆ ನೆನಪಿನಿಂದ ಬಾಯಿಗೆ ಬರಲು ಸಾಧ್ಯ. ಹಾಗಾಗಿ ಮರುಕಳಿಸುವ ಮಾತಿನ ತುಂಡುಗಳನ್ನು ಗುರುತಿಸಿ, ಎಲ್ಲಿ ಹಿಗ್ಗಿಸಿದರು, ಎಲ್ಲಿ ಕುಗ್ಗಿಸಿದರು ಅಂತ ನೋಡಿ. ಕೋಲದ (ದೈವಾರಾಧನೆಯ) ಜಾಗದಲ್ಲಾದರೆ ಕೇಳದೆ ಫೋನ್ ಎತ್ತಬೇಡಿ. ಮನೆಯವರನ್ನೂ ಹಾಡುವವರನ್ನೂ ಮೊದಲು ಕೇಳಿ, ಬೇಡ ಅಂದರೆ ಸುಮ್ನೆ ಕೂತು ಕೇಳಿಸಿಕೊಳ್ಳಿ.

ಪಿಲಿವೇಷಕ್ಕೆ ಸ್ವರದ ಗೊಡವೆ ಬೇಡ. ತಾಸೆ, ಡೋಲಿನ ಪೆಟ್ಟು ಸಡಿಲವಾದರೆ ಹುಲಿಯ ಹೆಜ್ಜೆಯೂ ಸಡಿಲ. ಕೃಷ್ಣಾಷ್ಟಮಿಯ ಹೊತ್ತಿನ ಉಡುಪಿಯ ವಿಟ್ಲಪಿಂಡಿಗೋ ಮಂಗಳೂರಿನ ದಸರೆಗೋ ಹೋಗಿ, ಪಾದಗಳು ಕಾಣುವ ಹಾಗೆ ವಿಡಿಯೋ ಮಾಡಿ. ಸ್ವಲ್ಪ ದೂರ ನಿಲ್ಲಿ, ಹತ್ತಿರದಿಂದ ಫೋನಿನ ಮೈಕ್ ಆ ಸದ್ದು ತಡೆಯುವುದಿಲ್ಲ. ರ‍್ಯಾಪ್, ಎಲೆಕ್ಟ್ರಾನಿಕ್ ಸಂಗೀತದಲ್ಲೂ ಕಾರ್ಡ್ ಹುಡುಕಿದರೆ ಸಿಗುವುದು ಸ್ವಲ್ಪವೇ. ಮಾತು ಬೀಟಿನ ಯಾವ ಜಾಗದಲ್ಲಿ ಬೀಳುತ್ತದೆ, ದನಿಯ ಬಣ್ಣ ಹೇಗೆ ಬದಲಾಗುತ್ತದೆ ಅನ್ನುವುದೇ ಅಲ್ಲಿ ಮುಖ್ಯ.

ಎಲ್ಲ ಸಂಗೀತಕ್ಕೂ ಒಂದೇ ಅಳತೆಪಟ್ಟಿ ತಯಾರಿಸಿದವರು ಇಲ್ಲದಿಲ್ಲ. ಅಮೆರಿಕದ ಅಲನ್ ಲೋಮ್ಯಾಕ್ಸ್ 1960ರ ದಶಕದಲ್ಲಿ 37 ಲಕ್ಷಣಗಳ ಪಟ್ಟಿ ಮಾಡಿ ಜಗತ್ತಿನ ಬೇರೆ ಬೇರೆ ಕಡೆಯ ಹಾಡುಗಳಿಗೆ ಅಂಕ ಹಾಕಿಸಿದರು. ದೂರದಿಂದ ದೊಡ್ಡ ನಕ್ಷೆ ನೋಡಲು ಅದು ಒಳ್ಳೆಯದು. ಆದರೆ ಭೂಪಾಲಿ ಮತ್ತು ದೇಶಕಾರದ ನಡುವಿನ ಗೆರೆ ಅಂಥ ನಕ್ಷೆಯಲ್ಲಿ ಕಾಣುವುದಿಲ್ಲ ಅಲ್ವಾ?

ಎರಡು ಸಂಗೀತ ಒಂದೇ ವಾದ್ಯದಲ್ಲಿ ಸೇರಿದ ಉದಾಹರಣೆ ಬೇಕಿದ್ದರೆ ನಮ್ಮ ಕದ್ರಿ ಗೋಪಾಲನಾಥರನ್ನು ಕೇಳಿ. ಅವರು ನುಡಿಸಿದ ಸ್ಯಾಕ್ಸೊಫೋನ್, ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ, ಬ್ಯಾಂಡಿಗೆಂದು ಮಾಡಿದ್ದು. ಕೀಲಿ ಒತ್ತಿದರೆ ಒಂದೊಂದು ಸ್ವರ ನೇರವಾಗಿ ಬರುತ್ತದೆ. ಅದರಿಂದ ಗೋಪಾಲನಾಥರು ತುಟಿ, ಉಸಿರು, ಬೆರಳಿನ ಹಿಡಿತದಲ್ಲಿ ಗಮಕ ತೆಗೆದರು. 2008ರಲ್ಲಿ ಅವರು ಅಮೆರಿಕದ ಜ್ಯಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ನುಡಿಸಿದ ಆಲ್ಬಂ ಇದೆ. ಎರಡೂ ಆಲ್ಟೋ ಸ್ಯಾಕ್ಸೊಫೋನ್. ಒಬ್ಬರು ಸ್ವರದೊಳಗೆ ಏನು ಮಾಡುತ್ತಾರೆ, ಇನ್ನೊಬ್ಬರು ಸ್ವರದಿಂದ ಸ್ವರಕ್ಕೆ ಹೇಗೆ ಜಿಗಿಯುತ್ತಾರೆ ಅಂತ ಹೋಲಿಸಿ. ವಾದ್ಯ ಒಂದೇ ಆದ್ದರಿಂದ ವ್ಯತ್ಯಾಸವೆಲ್ಲ ಸಂಗೀತದ್ದೇ.

ಶುರು ಮಾಡಲು ನನ್ನ ಸಲಹೆ ಇದು. ನಿಮಗೆ ಇಷ್ಟವಾದ ಒಂದೇ ಒಂದು ಯಕ್ಷಗಾನ ಪದ್ಯ ಆರಿಸಿ. ಅದನ್ನು ಆಟದಲ್ಲಿ ಕೇಳಿ, ತಾಳಮದ್ದಳೆಯಲ್ಲೂ ಕೇಳಿ. ಸಾಧ್ಯವಾದರೆ ಅದೇ ಭಾಗವತರದ್ದೇ. ಪದ್ಯ ಅದೇ, ರಾಗ ತಾಳ ಅವೇ. ತಾಳಮದ್ದಳೆಯಲ್ಲಿ ಕುಣಿತ ಇಲ್ಲ, ಪದ್ಯ ಮುಗಿದ ಮೇಲೆ ಅರ್ಥಗಾರಿಕೆ, ಅಂದರೆ ಪಾತ್ರದ ಮಾತು. ಯಾವ ಸಾಲು ಎಷ್ಟು ಸಲ ಬಂತು, ಲಯ ಎಲ್ಲಿ ಏರಿತು, ಚೆಂಡೆ ಮದ್ದಳೆ ಏನು ಮಾಡಿದವು, ದನಿ ಎಲ್ಲಿ ಎಳೆಯಿತು ಅಂತ ಎರಡು ಕಾಲಂನಲ್ಲಿ ಬರೆಯಿರಿ. ಯೂಟ್ಯೂಬಿನಲ್ಲಿ ವೇಗ ಅರ್ಧ ಮಾಡಿ ಕೇಳಿದರೆ ಶ್ರುತಿ ಕೆಡುವುದಿಲ್ಲ. ಆಮೇಲೆ ಆ ಕಾಗದವನ್ನು ಊರಿನ ಒಬ್ಬ ಹಿಮ್ಮೇಳದವರಿಗೆ (ಹಾಡು, ಚೆಂಡೆ, ಮದ್ದಳೆಯವರಿಗೆ) ತೋರಿಸಿ, ಇದರಲ್ಲಿ ಮುಖ್ಯವಾದದ್ದು ಏನು ಬಿಟ್ಟುಹೋಗಿದೆ ಅಂತ ಕೇಳಿ. ಉಡುಪಿಗೆ ಬಂದರೆ ಎಂಜಿಎಂ ಕಾಲೇಜಿನ ಜಾನಪದ ರಂಗಕಲೆಗಳ ಪ್ರಾದೇಶಿಕ ಕೇಂದ್ರಕ್ಕೂ, ಇಂದ್ರಾಳಿಯ ಯಕ್ಷಗಾನ ಕೇಂದ್ರಕ್ಕೂ ಹೋಗಿಬನ್ನಿ.

ಜೊತೆಗೆ ಝಂಪೆ ತಾಳ ಹಾಕಲು ಕಲಿಯಿರಿ. ಮ್ಯಾಂಟಲ್ ಹುಡ್ ಎಂಬ ಅಮೆರಿಕದ ಮೇಷ್ಟ್ರು 1960ರಲ್ಲೇ ವಾದಿಸಿದ್ದರು, ಬೇರೆ ಸಂಗೀತವನ್ನು ಅಭ್ಯಾಸ ಮಾಡುವವರು ಅದನ್ನು ನುಡಿಸಲು, ಹಾಡಲು ಕಲಿಯಲೇಬೇಕು ಅಂತ. ಹತ್ತು ಮಾತ್ರೆ ಕೈಯಲ್ಲಿ ಕೂತ ಮೇಲೆ ಅದೇ ಪದ್ಯವನ್ನು ಇನ್ನೊಮ್ಮೆ ಕೇಳಿ, ಮೊದಲು ಬರೆದ ಕಾಲಂಗಳನ್ನು ತಿದ್ದಿ. ತೆಂಕೋ ಬಡಗೋ ಅಂತ ತಿಳಿಸಿದರೆ ಯಾವ ಪದ್ಯದಿಂದ ಶುರು ಮಾಡಬಹುದು ಅಂತ ಕೆಳಗೆ ಬರೆಯುತ್ತೇನೆ.