ಮಗನೂ ಸ್ವತಂತ್ರ, ಸೊಸೆಯೂ ಸ್ವತಂತ್ರ

ಸಂಪಾದಕರ ಉತ್ತರ

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಅಮೆರಿಕದ ಅಧ್ಯಕ್ಷರ ಚುನಾವಣೆ ಬಗ್ಗೆ ನಾನು ಬರೆದಿದ್ದ ಟಿಪ್ಪಣಿಯ ಒಂದು ಸಾಲು ಅವರನ್ನು ಕೆಣಕಿದೆ. 'ಯಾವ ಪಕ್ಷಕ್ಕೂ ಸೇರದ ಮತದಾರರು ಇಬ್ಬರು ಅಭ್ಯರ್ಥಿಗಳನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾರೆ, ಕೊನೆಗೆ ಗೆಲುವು ಯಾರದು ಅಂತ ತೀರ್ಮಾನಿಸುವವರು ಅವರೇ' ಎಂದು ನಾನು ಬರೆದಿದ್ದೆ.

ಪತ್ರದ ಸಾರ ಇಷ್ಟು. 2024ರಲ್ಲಿ ಮೇಷ್ಟ್ರು ಆರು ತಿಂಗಳು ನಾರ್ತ್ ಕೆರೊಲಿನಾದ ರಾಲಿಯಲ್ಲಿ ಮಗನ ಮನೆಯಲ್ಲಿದ್ದರು. ಮಗ, ಸೊಸೆ ಇಬ್ಬರೂ ಈಗ ಅಲ್ಲಿನ ಪ್ರಜೆಗಳು. ಮತದಾರರ ಪಟ್ಟಿಯಲ್ಲಿ ಇಬ್ಬರೂ 'ಯಾವ ಪಕ್ಷವೂ ಇಲ್ಲ' ಅಂತ ಬರೆಸಿದ್ದಾರೆ. ಆದರೆ ಮಗ 2016ರಿಂದ ಮೂರು ಸಲವೂ ಬ್ಯಾಲೆಟ್ಟಿನ ಮೇಲಿಂದ ಕೆಳಗಿನವರೆಗೆ, ಎಲ್ಲ ಹುದ್ದೆಗೂ ಒಂದೇ ಪಕ್ಷಕ್ಕೆ ಹಾಕಿದ್ದಾನೆ. ಸೊಸೆ ಅಧ್ಯಕ್ಷರಿಗೆ ಒಂದು ಪಕ್ಷ, ಗವರ್ನರಿಗೆ (ಅಲ್ಲಿ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಇನ್ನೊಂದು ಪಕ್ಷ. 'ಇವರಿಬ್ಬರಲ್ಲಿ ನಿಮ್ಮ ತಕ್ಕಡಿ ಹಿಡಿದವರು ಯಾರು ಸ್ವಾಮಿ? ನನಗಂತೂ ಕಂಡಿದ್ದು ಅಂಚೆಯಲ್ಲಿ ಬರುತ್ತಿದ್ದ ಪ್ರಚಾರದ ಕಾರ್ಡುಗಳ ರಾಶಿ, ಮತ್ತು ಮೊಟ್ಟೆ ಬೆಲೆ ನೋಡಿ ಸೊಸೆ ಗೊಣಗುತ್ತಿದ್ದದ್ದು' ಎಂದು ಕೇಳಿದ್ದಾರೆ. ಮಗನಿಗೆ ಕ್ಯಾಲಿಫೋರ್ನಿಯಾಗೆ ವರ್ಗವಾಗುವ ಮಾತಿದೆಯಂತೆ. ಅಲ್ಲಿ ಹೊಸದಾಗಿ ಹೆಸರು ಬರೆಸುವಾಗ ಒಂದು ಪಕ್ಷ ಸೇರಿಕೊಳ್ಳುವುದು ಒಳ್ಳೆಯದಾ ಅನ್ನುವುದು ಇನ್ನೊಂದು ಪ್ರಶ್ನೆ.

ಮೇಷ್ಟ್ರೇ, ಮೊದಲು ತಪ್ಪೊಪ್ಪಿಗೆ. ಆ ತಕ್ಕಡಿಯ ಸಾಲು ಓದಲು ಚೆನ್ನಾಗಿತ್ತು, ಅದಕ್ಕೇ ಬರೆದೆ. ನಿಮ್ಮ ಪತ್ರ ಬಂದ ಮೇಲೆ ಕೂತು ಲೆಕ್ಕ ನೋಡಿದರೆ ಅದು ಅರ್ಧವೂ ನಿಲ್ಲುವುದಿಲ್ಲ.

ನಮ್ಮಲ್ಲಿ ಪಕ್ಷೇತರ ಅಂದರೆ ಅಭ್ಯರ್ಥಿ. ಹೊಲಿಗೆ ಯಂತ್ರವೋ ಗ್ಯಾಸ್ ಸಿಲಿಂಡರೋ ಚಿಹ್ನೆ ಹಿಡಿದು ನಿಲ್ಲುವವರು. ಮತದಾರರನ್ನು ಯಾರೂ ಪಕ್ಷೇತರ ಅನ್ನುವುದಿಲ್ಲ, ನಮ್ಮ ಮತದಾರರ ಪಟ್ಟಿಯಲ್ಲಿ ಪಕ್ಷದ ಕಾಲಮ್ಮೇ ಇಲ್ಲವಲ್ಲ. ಅಮೆರಿಕದ ಸುಮಾರು 30 ರಾಜ್ಯಗಳಲ್ಲಿ ಆ ಕಾಲಮ್ ಇದೆ. ಹೆಸರು ಬರೆಸುವಾಗಲೇ ಯಾವ ಪಕ್ಷ ಅಂತ ಕೇಳುತ್ತಾರೆ. ಯಾವುದೂ ಬೇಡ ಅಂದವರಿಗೆ ನಾರ್ತ್ ಕೆರೊಲಿನಾದಲ್ಲಿ 'ಅನ್‌ಅಫಿಲಿಯೇಟೆಡ್' ಅನ್ನುತ್ತಾರೆ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ 'ಅನ್‌ಡಿಕ್ಲೇರ್ಡ್'. ನಿಮ್ಮ ಮಗ ಇರುವ ರಾಜ್ಯದಲ್ಲಿ 2022ರಿಂದ ಇಂಥವರದ್ದೇ ದೊಡ್ಡ ಗುಂಪು, ಡೆಮಾಕ್ರಟಿಕ್, ರಿಪಬ್ಲಿಕನ್ ಎರಡು ಪಕ್ಷಗಳಲ್ಲಿ ಯಾವುದಕ್ಕಿಂತಲೂ ದೊಡ್ಡದು. ಟೆಕ್ಸಾಸ್, ಜಾರ್ಜಿಯಾ, ಮಿಶಿಗನ್‌ಗಳಲ್ಲಿ ಆ ಕಾಲಮ್ ಇಲ್ಲ. ಅಲ್ಲಿ ನಾನು ಸ್ವತಂತ್ರ ಅನ್ನುವುದು ಬಾಯಿಮಾತು ಅಷ್ಟೇ.

ಆ ಬಾಯಿಮಾತನ್ನು ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ ವರ್ಷವರ್ಷವೂ ಎಣಿಸುತ್ತದೆ. 2024ರಲ್ಲಿ ನೂರಕ್ಕೆ 43 ಜನ 'ನಾವು ಸ್ವತಂತ್ರರು' ಅಂದರು. ಎರಡು ಪಕ್ಷಗಳ ಹೆಸರು ಹೇಳಿದವರು ತಲಾ 28. ಈ 43ನ್ನು ನೋಡಿಯೇ ನಾನು ತಕ್ಕಡಿ ಎತ್ತಿದ್ದು. ಆದರೆ ಅದೇ ಗ್ಯಾಲಪ್‌ನವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: 'ಆಯಿತು, ಆದರೂ ಯಾವ ಕಡೆ ಸ್ವಲ್ಪ ವಾಲುತ್ತೀರಿ?' ಆಗ ಬಹುತೇಕರು ಒಂದು ಕಡೆ ಹೇಳಿಬಿಡುತ್ತಾರೆ. ಎಲ್ಲೂ ವಾಲದೆ ಉಳಿಯುವವರು ನೂರಕ್ಕೆ ಹತ್ತರ ಆಸುಪಾಸು. ಹೀಗೆ ವಾಲುವವರಲ್ಲಿ ಹೆಚ್ಚಿನವರು ಮತ ಹಾಕುವಾಗ ಪಕ್ಷದ ಸದಸ್ಯರಷ್ಟೇ ನಿಷ್ಠರು. ನಿಮ್ಮ ಮಗ ಈ ಸಾಲಿನವನು, ಅನುಮಾನವಿಲ್ಲ.

ಹಾಗಾದರೆ ಹೆಸರು ಹೇಳಲು ಏನು ಕಷ್ಟ? ಮುಜುಗರ ಅಂತ ನನ್ನ ಅಂದಾಜು. ಆಫೀಸಿನಲ್ಲಿ ಊಟದ ಮೇಜಿನ ಎದುರು ಕೂತವನು ಆಚೆ ಪಕ್ಷದವನು. ಸುಮ್ನೆ ಯಾಕೆ ಜಗಳ, ಅಲ್ವಾ? ನಮ್ಮಪ್ಪ ಯಾರಿಗೆ ಹಾಕಿದೆ ಅಂತ ಅಮ್ಮನಿಗೂ ಹೇಳುತ್ತಿರಲಿಲ್ಲ. ಹೇಳದಿದ್ದರೂ ಇಡೀ ಬೀದಿಗೆ ಗೊತ್ತಿತ್ತು.

ಇನ್ನು ಆ ಹತ್ತು ಜನ. ಎರಡೂ ಪ್ರಣಾಳಿಕೆಗಳನ್ನು ಮುಂದಿಟ್ಟುಕೊಂಡು, ಕೆಂಪು ಇಂಕಿನಲ್ಲಿ ಗೆರೆ ಎಳೆಯುತ್ತಾ ಕೂತ ಮೇಷ್ಟ್ರ ಹಾಗೆ ನಾನು ಅವರನ್ನು ಕಲ್ಪಿಸಿಕೊಂಡಿದ್ದೆ. ನಿಜ ಉಲ್ಟಾ ಇದೆ. ಅಷ್ಟೆಲ್ಲ ಓದುವವರು ಆಗಲೇ ಒಂದು ಕಡೆ ಸೇರಿರುತ್ತಾರೆ. ಎಲ್ಲೂ ವಾಲದವರು ರಾಜಕೀಯದ ಸುದ್ದಿ ನೋಡುವುದೇ ಕಮ್ಮಿ, ಮತಗಟ್ಟೆಗೆ ಹೋಗುವುದೂ ಕಮ್ಮಿ. ಎರಡು ಪಾಳಿ ಕೆಲಸ, ಮಕ್ಕಳ ಸ್ಕೂಲು, ಮನೆ ಸಾಲದ ಕಂತು ಇವುಗಳ ನಡುವೆ ಚುನಾವಣೆ ಅವರ ಕಿವಿಗೆ ಬೀಳುವುದೇ ಕೊನೆಯ ಒಂದೆರಡು ವಾರದಲ್ಲಿ.

ಅವರಿಗೆ ತಿಳಿವಳಿಕೆ ಇಲ್ಲ ಅಂತ ಮಾತ್ರ ನಾನು ಹೇಳಲಾರೆ. ಅವರ ಅಳತೆಗೋಲು ಬೇರೆ. 1980ರ ಅಕ್ಟೋಬರ್ 28ರಂದು, ಮತದಾನಕ್ಕೆ ಒಂದು ವಾರ ಇರುವಾಗ, ಚುನಾವಣಾ ಚರ್ಚೆಯಲ್ಲಿ ಅಧ್ಯಕ್ಷ ಕಾರ್ಟರ್ ಎದುರು ನಿಂತು ಪ್ರತಿಸ್ಪರ್ಧಿ ರೇಗನ್ ಟಿವಿ ನೋಡುತ್ತಿದ್ದ ಜನರನ್ನು ಒಂದು ಮಾತು ಕೇಳಿದರು: ನಾಲ್ಕು ವರ್ಷದ ಹಿಂದೆ ಇದ್ದದ್ದಕ್ಕಿಂತ ಈಗ ನೀವು ಚೆನ್ನಾಗಿದ್ದೀರಾ? ಆ ಪ್ರಶ್ನೆಗೆ ಉತ್ತರ ಹೇಳಲು ಪ್ರಣಾಳಿಕೆ ಓದಬೇಕಿಲ್ಲ. ಮನೆಯ ಜಮಾಖರ್ಚು ಗೊತ್ತಿದ್ದರೆ ಸಾಕು. ಕಾರ್ಟರ್ ಸೋತರು.

ನಿಮ್ಮ ಸೊಸೆಯ ಮೊಟ್ಟೆಯ ಗೊಣಗಾಟ ಇದೇ ಜಾತಿಯದು. ಅಮೆರಿಕದಲ್ಲಿ ಬೆಲೆ ಏರಿಕೆ 2022ರ ಜೂನ್‌ನಲ್ಲಿ ಶೇಕಡಾ 9.1ಕ್ಕೆ ಹೋಗಿತ್ತು. ನೀವು ಅಲ್ಲಿದ್ದ 2024ರ ಕೊನೆಯ ಹೊತ್ತಿಗೆ ಶೇಕಡಾ 3ಕ್ಕಿಂತ ಕೆಳಗೆ ಇಳಿದಿತ್ತು. ಸರ್ಕಾರ ಅದನ್ನೇ ಹೇಳುತ್ತಿತ್ತು. ಇಳಿದದ್ದು ಏರಿಕೆಯ ವೇಗ. ಏರಿದ ಬೆಲೆ ಏರಿದಲ್ಲೇ ಕೂತಿತ್ತು. ಅಂಗಡಿಯ ಬಿಲ್ಲು ಹಿಡಿದು ನಿಂತವರಿಗೆ ಈ ವ್ಯತ್ಯಾಸ ವಿವರಿಸಲು ಹೊರಟ ಅಭ್ಯರ್ಥಿಯ ಪಾಡು ನೀವೇ ಊಹಿಸಿ.

ಇನ್ನೊಂದು ಅಳತೆಗೋಲು ಇದೆ. ಅದನ್ನು ಹೇಳಲು ನನಗೆ 1992ರ ಅಕ್ಟೋಬರ್ 15ರ ಸಂಜೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ವರ್ಜೀನಿಯಾದ ರಿಚ್‌ಮಂಡ್ ಊರು. ಚುನಾವಣಾ ಚರ್ಚೆಯ ವೇದಿಕೆಯ ಮೇಲೆ ಮೂವರು ಅಭ್ಯರ್ಥಿಗಳು: ಅಧ್ಯಕ್ಷ ಜಾರ್ಜ್ ಬುಷ್, ಆರ್ಕನ್ಸಾ ರಾಜ್ಯದ ಗವರ್ನರ್ ಬಿಲ್ ಕ್ಲಿಂಟನ್, ಪಕ್ಷೇತರ ರಾಸ್ ಪೆರೋ. ಸುತ್ತ ಕೂತಿದ್ದವರು ಇನ್ನೂ ತೀರ್ಮಾನ ಮಾಡಿರದ ಮತದಾರರು. ಅವರನ್ನೇ ಹುಡುಕಿ ಕರೆಸಿದ್ದರು. ಒಬ್ಬ ಹೆಣ್ಣುಮಗಳು ಎದ್ದು, ದೇಶದ ಸಾಲದಿಂದ ನಿಮ್ಮ ಸ್ವಂತ ಬದುಕಿಗೆ ಏನು ಪೆಟ್ಟು ಬಿದ್ದಿದೆ, ಬಿದ್ದಿಲ್ಲದಿದ್ದರೆ ನಮ್ಮ ಕಷ್ಟ ಹೇಗೆ ಪರಿಹರಿಸುತ್ತೀರಿ ಅಂತ ಕೇಳಿದಳು. ಸಾಲ ಅಂದದ್ದು ಬಾಯಿತಪ್ಪಿ. ಅವಳ ಮನಸ್ಸಿನಲ್ಲಿದ್ದದ್ದು ಆರ್ಥಿಕ ಹಿಂಜರಿತ, ಕೆಲಸ ಕಳೆದುಕೊಂಡವರು. ಅವಳು ಕೇಳುತ್ತಿದ್ದ ಹೊತ್ತಿಗೇ ಬುಷ್ ಕೈಗಡಿಯಾರ ನೋಡಿಕೊಂಡರು. ಕ್ಯಾಮೆರಾ ಹಿಡಿಯಿತು. ಉತ್ತರ ಕೊಡುವಾಗ ಬಡ್ಡಿ ದರದ ಮಾತೆತ್ತಿದರು. ಆಮೇಲೆ ಪ್ರಶ್ನೆ ಸರಿಯಾಗಿ ಅರ್ಥವಾಗಲಿಲ್ಲ ಅಂದರು. ಕ್ಲಿಂಟನ್ ಸ್ಟೂಲಿನಿಂದ ಎದ್ದು ಅವಳ ಹತ್ತಿರ ನಡೆದು ಬಂದರು. ನಿನಗೆ ಗೊತ್ತಿರುವವರಲ್ಲಿ ಕೆಲಸ ಹೋದವರು, ಮನೆ ಹೋದವರು ಇದ್ದಾರಾ ಅಂತ ಅವಳನ್ನೇ ಕೇಳಿದರು. ನನ್ನದು ಚಿಕ್ಕ ರಾಜ್ಯ, ಫ್ಯಾಕ್ಟರಿ ಮುಚ್ಚಿದರೆ ಅಲ್ಲಿ ದುಡಿಯುತ್ತಿದ್ದವರ ಹೆಸರು ನನಗೆ ಗೊತ್ತಿರುತ್ತದೆ ಅನ್ನುವ ಅರ್ಥದ ಮಾತಾಡಿದರು.

ಸಾಲದ ಬಗ್ಗೆ ಯಾರ ನೀತಿ ಸರಿ ಅನ್ನುವುದು ಆ ಎರಡು ನಿಮಿಷದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು, ನಾನು ಮಾತಾಡುವಾಗ ಈ ಮನುಷ್ಯ ಕೇಳಿಸಿಕೊಳ್ಳುತ್ತಾನಾ ಅನ್ನುವುದು. ಒಂದು ಗಡಿಯಾರದಿಂದ ಬುಷ್ ಸೋತರು ಅನ್ನುವ ಕಥೆಯನ್ನು ನಾನು ನಂಬುವುದಿಲ್ಲ. ಕ್ಲಿಂಟನ್ ಆಗಲೇ ಮುಂದಿದ್ದರು. ಆದರೆ ಸಂಬಂಧ ನೋಡಲು ಹೋದಾಗ ನಮ್ಮ ಅಜ್ಜಿಯರು ಹುಡುಗನ ಸಂಬಳದ ಜೊತೆಗೆ ಕಾಫಿ ತಂದವರನ್ನು ಅವನು ಮಾತಾಡಿಸುವ ರೀತಿಯನ್ನೂ ಗಮನಿಸುತ್ತಿದ್ದರಲ್ಲ, ಇದೂ ಆ ಬಗೆಯ ತೂಕವೇ.

ಇಬ್ಬರೂ ಬೇಡ ಅನಿಸಿದಾಗ? 2016ರಲ್ಲಿ ಮತ ಹಾಕಿ ಹೊರಬಂದವರನ್ನು ಕೇಳಿದಾಗ ನೂರಕ್ಕೆ 18 ಜನ ಟ್ರಂಪ್ ಬಗ್ಗೆಯೂ ಹಿಲರಿ ಕ್ಲಿಂಟನ್ ಬಗ್ಗೆಯೂ ಒಳ್ಳೆಯ ಅಭಿಪ್ರಾಯವಿಲ್ಲ ಅಂದರು. ಆ ಗುಂಪಿನಲ್ಲಿ 47 ಭಾಗ ಟ್ರಂಪ್‌ಗೆ, 30 ಭಾಗ ಹಿಲರಿಗೆ. ಎರಡು ಮಜ್ಜಿಗೆಯೂ ಹುಳಿಯಾದಾಗ ಇನ್ನೂ ರುಚಿ ನೋಡದ ಲೋಟವನ್ನು ಎತ್ತಿಕೊಂಡರು ಅನ್ನಬಹುದು. ಮೂರನೆಯವರಿಗೆ ಹಾಕುವ ದಾರಿ ಇದೆ, ಆದರೆ 1992ರಲ್ಲಿ ಪೆರೋಗೆ ಶೇಕಡಾ 18.9 ಮತ ಬಂದೂ ಒಂದೇ ಒಂದು ಎಲೆಕ್ಟರ್ (ರಾಜ್ಯ ಗೆದ್ದವರಿಗೆ ಸಿಗುವ, ಕೊನೆಗೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿ) ಸಿಗಲಿಲ್ಲ.

ಗೆಲುವು ತೀರ್ಮಾನಿಸುವವರು ಇವರೇ ಅಂತ ಬೇರೆ ಬರೆದಿದ್ದೆನಲ್ಲ, ಅದನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ. 2012ರಲ್ಲಿ ಸ್ವತಂತ್ರರು ಅಂದುಕೊಂಡವರಲ್ಲಿ 50 ಭಾಗ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿಗೆ, 45 ಭಾಗ ಒಬಾಮಾಗೆ. ಗೆದ್ದವರು ಒಬಾಮಾ. 2020ರಲ್ಲಿ ಸ್ವತಂತ್ರರು 54ಕ್ಕೆ 41ರಂತೆ ಬೈಡನ್ ಕಡೆ ಇದ್ದರು, ಅವರೇ ಗೆದ್ದರು. ಆದರೆ ಆ ಗೆಲುವು ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ಸೇರಿ ಸುಮಾರು 43,000 ಮತಗಳ ಮೇಲೆ ನಿಂತಿತ್ತು. ಆ ಮೂರು ರಾಜ್ಯ ಕೈತಪ್ಪಿದ್ದರೆ 538 ಎಲೆಕ್ಟರುಗಳು 269-269 ಆಗಿ ಸಮ ಆಗುತ್ತಿದ್ದರು. ಅಷ್ಟು ಸಣ್ಣ ಅಂತರದಲ್ಲಿ ನಮ್ಮಿಂದಲೇ ಗೆಲುವು ಅಂತ ಯಾರು ಬೇಕಾದರೂ ಎದೆ ತಟ್ಟಿಕೊಳ್ಳಬಹುದು. ಕರಿಯರು, ಉಪನಗರದ ಹೆಂಗಸರು, ಕಾಲೇಜು ಮೆಟ್ಟಿಲು ಹತ್ತದವರು, ಎಲ್ಲರೂ.

ಅದಕ್ಕಿಂತ ಮುಖ್ಯವಾದ ತೀರ್ಮಾನ ನವೆಂಬರ್ ಮತದಾನಕ್ಕೆ ಎಷ್ಟೋ ತಿಂಗಳು ಮುಂಚೆಯೇ ಮುಗಿದಿರುತ್ತದೆ. ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿಗಳಲ್ಲಿ. ಪೆನ್ಸಿಲ್ವೇನಿಯಾ, ಫ್ಲೋರಿಡಾ, ನ್ಯೂಯಾರ್ಕ್‌ಗಳಲ್ಲಿ ಪಕ್ಷಕ್ಕೆ ಹೆಸರು ಬರೆಸದವರನ್ನು ಒಳಗೆ ಬಿಡುವುದಿಲ್ಲ. ಅಡುಗೆ ಆದ ಮೇಲೆ ಊಟಕ್ಕೆ ಬಂದವರು ಅವರು. ಎಲೆಗೆ ಬಿದ್ದ ಎರಡು ಪಲ್ಯದಲ್ಲಿ ಒಂದನ್ನು ತಿನ್ನಬೇಕು. ನಾರ್ತ್ ಕೆರೊಲಿನಾದಲ್ಲಿ ಪರವಾಗಿಲ್ಲ, ಅಲ್ಲಿ ಯಾವುದಾದರೂ ಒಂದು ಪಕ್ಷದ ಪ್ರೈಮರಿಗೆ ಹೋಗಬಹುದು.

ಈಗ ಸೊಸೆಯ ವಿಷಯ. 2024ರ ನವೆಂಬರ್ 5ರಂದು ಅವರ ರಾಜ್ಯದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಸುಮಾರು ಶೇಕಡಾ 3ರ ಅಂತರದಲ್ಲಿ ಗೆದ್ದರು. ಅದೇ ದಿನ, ಅದೇ ಬ್ಯಾಲೆಟ್ಟಿನಲ್ಲಿ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಸುಮಾರು ಶೇಕಡಾ 15ರ ಅಂತರದಲ್ಲಿ ಗೆದ್ದರು. 2016, 2020ರಲ್ಲೂ ಹೀಗೇ: ಮೇಲೆ ಟ್ರಂಪ್, ಕೆಳಗೆ ಡೆಮಾಕ್ರಟ್ ಗವರ್ನರ್ ರಾಯ್ ಕೂಪರ್. ಅಂದರೆ ಲಕ್ಷಾಂತರ ಜನ ಒಂದೇ ಕಾಗದದಲ್ಲಿ ಎರಡು ಕಡೆ ಗುರುತು ಹಾಕಿದ್ದಾರೆ.

ನಿಮಗೆ ಇದು ಹೊಸದೇನಲ್ಲ. ಎಲೆಕ್ಷನ್ ಡ್ಯೂಟಿ ಮಾಡಿದ್ದೆ ಅಂತ ಬರೆದಿದ್ದೀರಿ. 1984ರ ಡಿಸೆಂಬರಿನಲ್ಲಿ ನಮ್ಮ 28 ಲೋಕಸಭಾ ಸೀಟುಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. 1985ರ ಮಾರ್ಚಿನಲ್ಲಿ ಅದೇ ಜನ ವಿಧಾನಸಭೆಯಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು. ಅವರಲ್ಲಿ ಯಾರೂ ತಮ್ಮನ್ನು ಸ್ವತಂತ್ರ ಮತದಾರ ಅಂತ ಕರೆದುಕೊಂಡಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಪಟ್ಟಿಯಲ್ಲಿ ಇಬ್ಬರೂ ಸ್ವತಂತ್ರರು, ತಕ್ಕಡಿ ಸೊಸೆಯ ಕೈಯಲ್ಲಿದೆ. ಆದರೆ ನಾನು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆ. ಅಧ್ಯಕ್ಷರ ಸಾಲಿನಲ್ಲಿ ಗಲಾಟೆ ಜಾಸ್ತಿ. ಅಲ್ಲಿ ಪಕ್ಷ, ಸಿಟ್ಟು, ಬೆಲೆ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಗವರ್ನರ್ ಸಾಲಿಗೆ, ಅದರ ಕೆಳಗಿನ ಕೃಷಿ ಕಮಿಷನರ್ ಸಾಲಿಗೆ (ಹೌದು, ಅಲ್ಲಿ ಅದಕ್ಕೂ ಮತ ಹಾಕುತ್ತಾರೆ) ಬಂದಾಗ ಎದುರಿಗಿರುವುದು ಒಬ್ಬ ಮನುಷ್ಯ ಮತ್ತು ಒಂದು ಕೆಲಸ. ಅಲ್ಲಿ ತೂಗುವುದು ಸುಲಭ. ಮಗನನ್ನು ಹಂಗಿಸಬೇಡಿ. ಒಂದೇ ಪಕ್ಷಕ್ಕೆ ಹಾಕುವುದೂ ಯೋಚಿಸಿಯೇ ಇರಬಹುದು.

ಕ್ಯಾಲಿಫೋರ್ನಿಯಾಗೆ ಹೋದರೆ ಪಕ್ಷ ಸೇರುವುದು ಬಿಡುವುದು ಅವನಿಷ್ಟ. ಬೇಡ ಅಂದರೆ ಫಾರಮ್ಮಿನಲ್ಲಿ 'ಪಕ್ಷ ಇಲ್ಲ' ಅನ್ನುವ ಕಡೆಯೇ ಗುರುತು ಹಾಕಬೇಕು. ಅದೇ ಫಾರಮ್ಮಿನಲ್ಲಿ 'ಅಮೆರಿಕನ್ ಇಂಡಿಪೆಂಡೆಂಟ್' ಅಂತ ಇನ್ನೊಂದು ಆಯ್ಕೆ ಕಾಣುತ್ತದೆ. ಇಂಡಿಪೆಂಡೆಂಟ್ ಅಂದರೆ ಸ್ವತಂತ್ರ ಅಂದುಕೊಂಡು ಸಾವಿರಾರು ಜನ ಅಲ್ಲಿ ಗುರುತು ಹಾಕಿಬಿಟ್ಟಿದ್ದಾರೆ. 2016ರಲ್ಲಿ ಅಲ್ಲಿನ ಒಂದು ಪತ್ರಿಕೆ ವಿಚಾರಿಸಿದಾಗ ಅವರಲ್ಲಿ ಬಹುತೇಕರಿಗೆ ತಾವು ಒಂದು ಪಕ್ಷದಲ್ಲಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ. ಅದು ಪಕ್ಷವೇ ಮೇಷ್ಟ್ರೇ. 1968ರಲ್ಲಿ ಕರಿಯರು ಬಿಳಿಯರು ಬೇರೆ ಬೇರೆ ಇರಬೇಕು ಅನ್ನುತ್ತಿದ್ದ ಜಾರ್ಜ್ ವಾಲೇಸ್ ಅಧ್ಯಕ್ಷ ಸ್ಥಾನಕ್ಕೆ ನಿಂತದ್ದು ಅದರ ಹೆಸರಿನಲ್ಲೇ. ಫಾರಮ್ ತುಂಬುವಾಗ ಸೊಸೆಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲು ಹೇಳಿ.